ಹಾಡುವಾಗ ಉಗ್ಗುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ ಸೋದರಿಯರೇ, ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಂಗ್ಲಿಷಿಗೆ ಬಂದದ್ದು 41. ಸಂಗೀತವೆಂದರೆ ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವಷ್ಟು. ಅಂಥವಳು ಇಂಗ್ಲೆಂಡಿನ ಒಂದು ರಾಕ್ ಸಂಗೀತದ ತಂಡದ ಬಗ್ಗೆ ಬರೆಯಲು ಕೂತಿದ್ದಾಳೆ ಅಂತ ನಮ್ಮ ಯಜಮಾನರು ಪೇಪರಿನ ಮರೆಯಲ್ಲಿ ನಗುತ್ತಿದ್ದಾರೆ. ನಗಲಿ ಬಿಡಿ. ನೀವು ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ಕಳೆದ ದಸರಾ ರಜದಲ್ಲಿ ಮಗ ರಘು ಮನೆಗೆ ಬಂದಿದ್ದ. ಇಪ್ಪತ್ತು ತುಂಬಿದೆ, ಮೈಸೂರಿನಲ್ಲಿ ಓದುತ್ತಿದ್ದಾನೆ. ನಾನು ಕೊಬ್ಬರಿ ಮಿಠಾಯಿಗೆ ಪಾಕ ಇಟ್ಟಿದ್ದೆ. (ತಿಪಟೂರಿನವರ ಮನೆಯಲ್ಲಿ ಹಬ್ಬಕ್ಕೆ ಇನ್ನೇನು ಮಾಡುತ್ತಾರೆ ಹೇಳಿ!) ಇನ್ನೇನು ಎಳೆ ಬರಬೇಕು, ಅಷ್ಟರಲ್ಲಿ ಅವನ ಕೋಣೆಯಿಂದ ಹಾಡು ಕೇಳಿಸಿತು. ಮೊದಲು ಯಾರೋ ಅಳುವ ಹಾಗೆ ಮೆಲ್ಲಗೆ, ಪಿಯಾನೊ ನುಡಿಸುತ್ತಾ ಹಾಡಿದರು. ಆಮೇಲೆ ಗಿಟಾರು. ಇದ್ದಕ್ಕಿದ್ದಂತೆ ಹತ್ತಾರು ಜನ, ಬೀದಿ ನಲ್ಲಿಯ ಹತ್ತಿರ ಜಗಳಕ್ಕೆ ಬಿದ್ದವರಂತೆ, ಒಬ್ಬರ ಮೇಲೊಬ್ಬರು ಕೂಗತೊಡಗಿದರು. "ಏನೋ ಅದು, ಸ್ವಲ್ಪ ಕಡಿಮೆ ಮಾಡೋ" ಎನ್ನಲು ಸೌಟು ಹಿಡಿದೇ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಆ ಗಲಾಟೆಯ ಜೊತೆಗೆ ನನ್ನ ಮಗನೂ ಹಾಡುತ್ತಿದ್ದ. ಎಲ್ಲೂ ನಿಲ್ಲಲಿಲ್ಲ. ಒಂದು ಪದದ ಮೇಲೂ ತಡವರಿಸಲಿಲ್ಲ.

ನಿಮಗೆ ಹೇಳಲಿಲ್ಲ ಅಲ್ಲವೇ, ನಮ್ಮ ರಘುವಿಗೆ ಮಾತು ಉಗ್ಗುತ್ತೆ. ನಾಲ್ಕನೇ ವಯಸ್ಸಿನಿಂದಲೂ ಹಾಗೆ. 'ಪ' ಬಂದರೆ ಅಲ್ಲೇ ನಿಲ್ಲುತ್ತಾನೆ, 'ಬ' ಬಂದರೂ ಅಷ್ಟೇ. ಬಜೆ ತೇದು ನಾಲಗೆಗೆ ಹಚ್ಚಿದೆ, ಹರಕೆ ಹೊತ್ತೆ, ಬಂದವರು ಹೋದವರು ಹೇಳಿದ್ದನ್ನೆಲ್ಲ ಮಾಡಿದೆ. "ಹಾಸ್ಟೆಲಿಗೆ ಹಾಕಿ, ನಾಲ್ಕು ಜನರ ಜೊತೆ ಬೆರೆತರೆ ತಾನೇ ಸರಿಹೋಗುತ್ತೆ" ಎಂದು ಹಿರಿಯರೊಬ್ಬರು ಹೇಳಿದರು. ಇಂಗ್ಲಿಷೂ ಬರುತ್ತೆ, ಉಗ್ಗೂ ಹೋಗುತ್ತೆ ಎಂಬ ಆಸೆಯಿಂದ ಆರನೇ ತರಗತಿಗೆ ದೂರದ ಊರಿನ ಒಂದು ವಸತಿ ಶಾಲೆಗೆ ಸೇರಿಸಿದೆವು. ಆಗ ಅವನಿಗೆ ಹನ್ನೊಂದು ವರ್ಷ.

ಪಾಕ ಏನಾಯಿತು ಎಂದು ಮಾತ್ರ ಕೇಳಬೇಡಿ.

"ಯಾರೋ ಇವರು, ಇಷ್ಟೊಂದು ಜನ?" ಅಂದೆ.

"ಜನ ಎಲ್ಲಿ ಅಮ್ಮ, ಮೂರೇ ಜನ" ಅಂದ.

ನಂಬಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. ತಂಡದ ಹೆಸರು ಕ್ವೀನ್. 1970ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಆ ಹಾಡಿನ ಹೆಸರು ಬೊಹಿಮಿಯನ್ ರಾಪ್ಸೊಡಿ, ಬಂದದ್ದು 1975ರಲ್ಲಿ. ಪಾಶ್ಚಾತ್ಯರಲ್ಲಿ ಆಪೆರಾ ಎಂಬ ಸಂಗೀತ ನಾಟಕವಿದೆ. ಅದರಲ್ಲಿ ಪಾತ್ರಧಾರಿಗಳು ಮಾತಾಡುವುದನ್ನೂ ಹಾಡಿಯೇ ಹೇಳಬೇಕು. ಅಂಥ ಆಪೆರಾವನ್ನು ತಂದು ರಾಕ್ ಹಾಡಿನ ಹೊಟ್ಟೆಯೊಳಗೆ ಇಟ್ಟಿದ್ದಾರೆ. ಆ ಭಾಗಕ್ಕೇ ಮೂರು ವಾರ ಹಿಡಿಯಿತಂತೆ. ಮೂವರೂ ಒಂದು ಸಾಲು ಹಾಡಿ ಟೇಪಿಗೆ ತುಂಬುವುದು, ಅದರ ಮೇಲೆ ಮತ್ತೆ ಹಾಡುವುದು, ಅದರ ಮೇಲೆ ಮತ್ತೆ. ನನಗೆ ತಕ್ಷಣ ತಿಳಿದದ್ದು ಚಿರೋಟಿ. ಒಂದೊಂದು ಹಾಳೆಗೂ ಸಾಟಿ ಸವರಿ, ಮೇಲೆ ಮೇಲೆ ಇಟ್ಟು, ಸುತ್ತಿ ಲಟ್ಟಿಸುವುದಿಲ್ಲವೇ? ಹಾಗೆ 180ರಷ್ಟು ಪದರ ಕೂತಿವೆ ಎನ್ನುತ್ತಾರೆ. ಉಜ್ಜಿ ಉಜ್ಜಿ ಟೇಪಿನ ಲೇಪವೇ ಸವೆದು, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತಿತ್ತಂತೆ. ಅದರಲ್ಲಿ ಎಲ್ಲಕ್ಕಿಂತ ಎತ್ತರದ, ಹೆಂಗಸಿನದು ಎಂದು ನಾನು ತಿಳಿದಿದ್ದ ಸ್ವರ ಡ್ರಮ್ ಬಾರಿಸುವ ರೋಜರ್ ಟೇಲರ್ ಎಂಬವನದು!

ಸುಮಾರು ಆರು ನಿಮಿಷದ ಹಾಡು. ಮೂರು ನಿಮಿಷದ ಹಾಡುಗಳ ಕಾಲದಲ್ಲಿ ಇಷ್ಟುದ್ದದ್ದನ್ನು ರೇಡಿಯೊದವರು ಹಾಕುವುದೇ ಇಲ್ಲ ಎಂದು ಕೆಲವರು ಹೆದರಿಸಿದರಂತೆ. ಕೆನ್ನಿ ಎವರೆಟ್ ಎಂಬ ರೇಡಿಯೊ ನಿರೂಪಕ ಒಂದು ಶನಿವಾರ, ಭಾನುವಾರದಲ್ಲೇ 14 ಸಲ ಹಾಕಿದ. ಆಮೇಲೆ ಇಂಗ್ಲೆಂಡಿನಲ್ಲಿ ಒಂಬತ್ತು ವಾರ ಅದೇ ಮೊದಲನೇ ಸ್ಥಾನದಲ್ಲಿ.

ಗಿಟಾರಿನ ಬ್ರಯನ್ ಮೇ ಕಥೆ ನಿಮಗೆ ಹೇಳಲೇಬೇಕು, ನಮ್ಮಂಥವರಿಗೆ ಇಷ್ಟವಾಗುವ ಕಥೆ. ಹುಡುಗನಾಗಿದ್ದಾಗ ಗಿಟಾರು ಕೊಳ್ಳಲು ದುಡ್ಡಿಲ್ಲ. 1963ರಲ್ಲಿ ಅಪ್ಪ ಮಗ ಇಬ್ಬರೂ ಕೂತು ಮನೆಯಲ್ಲೇ ಮಾಡಲು ತೊಡಗಿದರು. ಚಳಿ ಕಾಯಿಸುವ ಹಳೆಯ ಒಲೆಗೂಡಿನ ಮರದ ಹಲಗೆಯಲ್ಲಿ ಅದರ ಕುತ್ತಿಗೆ, ಮೋಟಾರ್ ಸೈಕಲಿನ ಸ್ಪ್ರಿಂಗು, ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿಗಳು, ಅಮ್ಮನ ಹೆಣಿಗೆ ಕಡ್ಡಿಯ ತುದಿ. ಅದೇ ಗಿಟಾರನ್ನು ಜೀವಮಾನವಿಡೀ ನುಡಿಸಿದ್ದಾನೆ. ನಾವು ಗುಂಡಿ ಡಬ್ಬಿ ಎತ್ತಿಟ್ಟರೆ "ಆ ಕಸ ಬಿಸಾಕೇ" ಎನ್ನುವವರಿಗೆ ಈ ಕಥೆ ಹೇಳಿ. ಈ ಬ್ರಯನ್ ನಕ್ಷತ್ರಗಳ ಶಾಸ್ತ್ರ ಓದುತ್ತಿದ್ದವನು. ಹಾಡಿಗಾಗಿ ಅರ್ಧಕ್ಕೆ ಬಿಟ್ಟದ್ದನ್ನು ಮೂವತ್ತು ವರ್ಷಗಳ ಮೇಲೆ ಹಿಡಿದು 2007ರಲ್ಲಿ ಡಾಕ್ಟರೇಟು ಮುಗಿಸಿದ.

ರಘು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. 70ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಹಾಡುಗಾರ ಗಂಡಸರು ಮುಖಕ್ಕೆ ಬಣ್ಣ ಹಚ್ಚಿ, ಮಿರುಗುವ ಬಟ್ಟೆ ತೊಟ್ಟು ಕುಣಿಯುತ್ತಿದ್ದರಂತೆ. ಅದಕ್ಕೆ ಗ್ಲಾಮ್ ರಾಕ್ ಎಂದು ಹೆಸರು. ಈ ತಂಡದ ಮುಖ್ಯ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯದಂತೂ ಕೇಳಬೇಡಿ. ಕಣ್ಣಿಗೆ ಕಪ್ಪು, ಉಗುರಿಗೆ ಕಪ್ಪು ಬಣ್ಣ, ರೆಕ್ಕೆಯಂಥ ತೋಳಿನ ಬಿಳಿ ನಿರಿಗೆ ಅಂಗಿ. ನಮ್ಮ ಯಜಮಾನರು ಇಣುಕಿ ನೋಡಿ, "ಇದೇನು ವೇಷ" ಅಂದರು. ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮಜ್ಜ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಗಂಡಸರು ಸೀರೆಯುಟ್ಟು, ಬಣ್ಣ ಹಚ್ಚಿ, ಕೊನೆಯ ಸಾಲಿನವರಿಗೂ ಕೇಳುವಂತೆ ಎತ್ತರದ ಶ್ರುತಿಯಲ್ಲಿ ಹಾಡಿ ಒನ್ಸ್ ಮೋರ್ ಹೊಡೆಸಿಕೊಂಡ ಕಥೆಗಳನ್ನು ಕೇಳಿಯೇ ನಾನು ಬೆಳೆದದ್ದು. ರಂಗದ ಮೇಲೆ ಆನೆ ಕುದುರೆ ತಂದ ಗುಬ್ಬಿ ವೀರಣ್ಣನವರ ಊರು ನಮಗೇನು ದೂರವೇ? ಆ ಝಗಮಗಿಸುವ ಪರದೆ, ಸೀನರಿ ಎಲ್ಲ ಮೈಸೂರು ಸೀಮೆಗೆ ಬಂದದ್ದು ಮುಂಬಯಿ ಕಡೆಯ ಪಾರ್ಸಿ ನಾಟಕ ಕಂಪನಿಗಳಿಂದ ಎಂದು ಅಜ್ಜ ಹೇಳುತ್ತಿದ್ದರು.

ಅದನ್ನೇ ರಘುವಿಗೆ ಹೇಳಿದೆ. ಅವನು ನಕ್ಕು, "ಅಮ್ಮ, ಇವನೂ ಪಾರ್ಸಿನೇ" ಅಂದ.

ನಿಜ, ಸೋದರಿಯರೇ. ಹುಟ್ಟಿದಾಗಿನ ಹೆಸರು ಫಾರೂಖ್ ಬಲ್ಸಾರಾ. ತಂದೆ ಬೊಮಿ, ತಾಯಿ ಜೆರ್, ಗುಜರಾತ್ ಮೂಲದ ಪಾರ್ಸಿಗಳು. ತಂದೆಗೆ ಆಫ್ರಿಕಾದ ತೀರದ ಜಂಜಿಬಾರ್ ದ್ವೀಪದಲ್ಲಿ ಸರಕಾರಿ ಕೆಲಸ. ಮಗ ಹುಟ್ಟಿದ್ದು ಅಲ್ಲೇ, 1946ರ ಸೆಪ್ಟೆಂಬರ್ 5ರಂದು. ಎಂಟು ವರ್ಷವಾದಾಗ ಅವನನ್ನು ಹಡಗಿನಲ್ಲಿ ಇಂಡಿಯಾಕ್ಕೆ ಕಳಿಸಿದರು, ಮಹಾರಾಷ್ಟ್ರದ ಬೆಟ್ಟದ ಊರು ಪಂಚಗಣಿಯ ಸೇಂಟ್ ಪೀಟರ್ಸ್ ಎಂಬ ವಸತಿ ಶಾಲೆಗೆ. ಪಿಯಾನೊ ಕಲಿತದ್ದು ಅಲ್ಲಿ. ಗೆಳೆಯರೊಂದಿಗೆ ಹೆಕ್ಟಿಕ್ಸ್ ಎಂಬ ಮೊದಲ ವಾದ್ಯತಂಡ ಕಟ್ಟಿದ್ದು ಅಲ್ಲಿ. ಫಾರೂಖ್ ಹೋಗಿ ಫ್ರೆಡ್ಡಿ ಆದದ್ದೂ ಅಲ್ಲೇ. ಸಣ್ಣ ಪುಟ್ಟ ರಜಗಳಿಗೆ ಮುಂಬಯಿಯ ಬಂಧುಗಳ ಮನೆ. ಅಪ್ಪ ಅಮ್ಮ ಇರುವುದು ಸಮುದ್ರದಾಚೆ. (ಅಷ್ಟು ದೊಡ್ಡ ಹಾಡುಗಾರನನ್ನು 'ಅವನು' ಎನ್ನುತ್ತಿದ್ದೇನೆ ಎಂದು ತಪ್ಪು ತಿಳಿಯಬೇಡಿ. ಎಂಟು ವರ್ಷದ ಹುಡುಗ ಟ್ರಂಕು ಹಿಡಿದು ಹಡಗು ಹತ್ತಿದ್ದು ಕಣ್ಣಿಗೆ ಕಟ್ಟಿದ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ.)

"ಅವನಿಗೆ ಮೇಲಿನ ಸಾಲಲ್ಲಿ ನಾಲ್ಕು ಹಲ್ಲು ಜಾಸ್ತಿ ಇತ್ತಮ್ಮ. ಮುಂದಿನವು ಉಬ್ಬಿಕೊಂಡಿದ್ವು. ಸ್ಕೂಲಲ್ಲಿ ಎಲ್ಲಾ ಅವನನ್ನ ಬ... ಬ... ಬಕೀ ಅಂತ ರೇಗಿಸ್ತಿದ್ರು" ಅಂದ ರಘು. ಉಬ್ಬುಹಲ್ಲಿನವನು ಎಂಬ ಅರ್ಥ. ಮುಂದೆ ಕೈತುಂಬ ಹಣ ಬಂದಾಗಲೂ ಫ್ರೆಡ್ಡಿ ಆ ಹಲ್ಲು ತೆಗೆಸಲಿಲ್ಲ. ತೆಗೆಸಿದರೆ ದನಿ ಕೆಡಬಹುದೆಂಬ ಹೆದರಿಕೆ. ನಗುವಾಗ ತುಟಿಯಲ್ಲೋ ಕೈಯಲ್ಲೋ ಹಲ್ಲು ಮುಚ್ಚಿಕೊಳ್ಳುತ್ತಿದ್ದ. ಅದೇ ಮನುಷ್ಯ 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಇಥಿಯೋಪಿಯದ ಬರಗಾಲಕ್ಕೆ ಹಣ ಕೂಡಿಸಲು ನಡೆದ ಕಾರ್ಯಕ್ರಮದಲ್ಲಿ, 72 ಸಾವಿರ ಜನರನ್ನು ಬೆರಳ ತುದಿಯಲ್ಲಿ ಆಡಿಸಿದ್ದನ್ನು ನೋಡಿದೆ. ಇವನೊಂದು ಆಲಾಪ ಎಸೆಯುವುದು, ಇಡೀ ಮೈದಾನ ಅದನ್ನೇ ಹಿಂದಿರುಗಿಸುವುದು. ನಮ್ಮ ಹರಿಕಥೆ ದಾಸರು "ಗೋವಿಂದ" ಹೇಳಿಸುವಂತೆ. ಇಪ್ಪತ್ತು ಚಿಲ್ಲರೆ ನಿಮಿಷ, ಹಲ್ಲು ಮುಚ್ಚಿಕೊಂಡದ್ದು ಒಂದು ಸಲವೂ ಕಾಣಲಿಲ್ಲ.

ಹಲ್ಲಿನ ವಿಷಯ ಹೇಳಿ ರಘು ಸುಮ್ಮನಾಗಿದ್ದ. ನಾನು ತಮಾಷೆಗೆಂದೇ, "ನಿನಗೇನು ಹೆಸರಿಟ್ಟಿದ್ರೋ ಹಾಸ್ಟೆಲಲ್ಲಿ?" ಎಂದು ಕೇಳಿದೆ.

ಹೇಳಿದ. ಆ ಹೆಸರನ್ನು ಇಲ್ಲಿ ಬರೆಯಲಾರೆ. ಅದನ್ನು ಹೇಳಲೂ ಅವನಿಗೆ ಅರ್ಧ ನಿಮಿಷ ಹಿಡಿಯಿತು. ಅವನು ನಿಲ್ಲುವ ಅಕ್ಷರ ನೋಡಿಯೇ ಆರಿಸಿಟ್ಟಿದ್ದರು. ಹಾಜರಿ ಕರೆಯುವಾಗ ಎಲ್ಲರೂ ಒಟ್ಟಿಗೆ ಅವನಂತೆ ಉಗ್ಗಿ ತೋರಿಸುವುದು. ಊಟದ ಸಾಲಿನಲ್ಲಿ ಬೇಕಾದ್ದರ ಹೆಸರು ಹೇಳಲಾಗದೆ ಬಡಿಸಿದ್ದನ್ನೇ ತಿಂದು ಏಳುವುದು. ಐದು ವರ್ಷ.

"ಭಾನುವಾರ ಭಾನುವಾರ ಫೋನು ಮಾಡ್ತಿದ್ಯಲ್ಲೋ, ಒಂದು ಸಲನಾದ್ರೂ ಹೇಳಬಾರದಿತ್ತಾ?" ಅಂದೆ.

"ಐದೇ ನಿಮಿಷ ಕೊಡ್ತಿದ್ರಮ್ಮ. ಹಿಂದೆ ಹುಡುಗರ ಸಾಲು. ಹೇಳೋಕೆ ಹೊರಟರೆ ಮೊದಲನೇ ಪದಕ್ಕೇ ಟೈಮಾಗಿ ಹೋಗ್ತಿತ್ತು. 'ಚೆನ್ನಾಗಿದೀನಿ' ಅನ್ನೋದು ಉಗ್ಗದೇ ಬರ್ತಿತ್ತು. ಅದಕ್ಕೇ ಅದನ್ನೇ ಹೇಳ್ತಿದ್ದೆ."

ಆ ಐದು ವರ್ಷವೂ ಫೋನಿಟ್ಟ ಮೇಲೆ ನಾನು ಪಕ್ಕದ ಮನೆಯವರ ಕಾಂಪೌಂಡಿನ ಹತ್ತಿರ ನಿಂತು, "ನಮ್ಮ ರಘು ಚೆನ್ನಾಗಿದೀನಿ ಅಂದ, ಮಾತೂ ಸರಿಹೋಗ್ತಾ ಇದೆ ಕಣ್ರೀ" ಎಂದು ಹೇಳಿಕೊಂಡಿದ್ದೇನೆ.

ಆ ಮೇಲೆ ಮತ್ತೊಮ್ಮೆ ಹಾಡು ಹಾಕಿಸಿ ಅರ್ಥ ಹೇಳಿಸಿಕೊಂಡೆ. ಒಬ್ಬ ಹುಡುಗ ತನ್ನಿಂದ ಆಗಬಾರದ ತಪ್ಪು ಆಗಿಹೋಯಿತೆಂದು ಅಮ್ಮನಿಗೆ ಹೇಳಿಕೊಳ್ಳುತ್ತಾನೆ. ನಾನು ಕೇಳಿದ ಗಲಾಟೆ ಅವನನ್ನು ಬಿಡಬೇಕೋ ಬೇಡವೋ ಎಂದು ಎರಡು ಗುಂಪು ಎಳೆದಾಡುವ ಭಾಗ. ಇದರ ಗೂಢಾರ್ಥವೇನೆಂದು ಎಷ್ಟು ಜನ ಕೇಳಿದರೂ ಫ್ರೆಡ್ಡಿ ಬಿಡಿಸಿ ಹೇಳಲಿಲ್ಲವಂತೆ. ಪಂಡಿತರು ಏನೇನೋ ಬರೆದಿದ್ದಾರಂತೆ. ನನಗೆ ಕೇಳಿಸಿದ್ದು ಅಮ್ಮನನ್ನು ಕರೆದದ್ದೊಂದೇ. ಎದುರು ಕೂತು ಹೇಳಲಾರದ್ದನ್ನು ಹಾಡಿನಲ್ಲಿ ಹಾಕಿದರೆ ಬಾಯಿ ತಡೆಯುವುದಿಲ್ಲವೇನೋ. ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ ಎಂದು ಡಾಕ್ಟರರೂ ಹೇಳುತ್ತಾರೆ. ನನಗೆ ಅದು ತಿಳಿದದ್ದೂ ಅವತ್ತೇ.

ಜೆರ್ ಬಲ್ಸಾರಾ ಅವರದ್ದನ್ನೂ ಕೇಳಿ. 1964ರಲ್ಲಿ ಜಂಜಿಬಾರಿನ ಕ್ರಾಂತಿಗೆ ಹೆದರಿ, ಮನೆ ಬಿಟ್ಟು ಗಂಡ ಮಕ್ಕಳೊಂದಿಗೆ ಇಂಗ್ಲೆಂಡ್ ಸೇರಿದ ಹೆಣ್ಣುಮಗಳು. ಮಗನಿಗೆ ಏಡ್ಸ್ ಆಯಿತು. ಆ ಕಾಲಕ್ಕೆ ಇವತ್ತಿನ ಔಷಧಿಗಳಿರಲಿಲ್ಲ. ಕಾಯಿಲೆಯ ಸುದ್ದಿಯನ್ನು ಜನರಿಗೆ ತಿಳಿಸಿದ್ದು 1991ರ ನವೆಂಬರ್ 23ರಂದು. ಮಾರನೆಯ ದಿನವೇ ಹೋಗಿಬಿಟ್ಟ. ಬರೀ 45 ವರ್ಷ. ಪಾರ್ಸಿ ಪುರೋಹಿತರೇ ಮಂತ್ರ ಹೇಳಿ ಕಳಿಸಿಕೊಟ್ಟರು. ಅವನ ಬಾಳಸಂಗಾತಿ ಒಬ್ಬ ಗಂಡಸು. ಅಂಥ ಮಾತನ್ನು ಅಪ್ಪ ಅಮ್ಮನ ಎದುರು ಅವನು ಎತ್ತುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯವರು ಕೇಳಿದಾಗ ಆ ತಾಯಿ, ನಮಗೆ ನೋವಾಗಬಾರದೆಂದು ಅವನು ಹೇಳಲಿಲ್ಲ, ನಾವೂ ಅವನ ಮನಸ್ಸನ್ನು ಗೌರವಿಸಿದೆವು ಎಂಬರ್ಥದ ಮಾತು ಹೇಳಿದ್ದಾರೆ. 2016ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗ ಹೋದ ಮೇಲೆ 25 ವರ್ಷ ಬದುಕಿದ್ದರು. ಬೀದಿಯಲ್ಲಿ, ಅಂಗಡಿಯಲ್ಲಿ ಆ ಹಾಡು ಕೇಳಿದಾಗಲೆಲ್ಲ ಏನನ್ನಿಸುತ್ತಿತ್ತೋ. ಅವರು ನನಗಿಂತ ದೊಡ್ಡ ಮನಸ್ಸಿನವರು. ನನಗೆ ಮಾತ್ರ ಮಗ ಹೇಳಲಿಲ್ಲವಲ್ಲ ಎಂಬುದು ಈಗಲೂ ಗಂಟಲಲ್ಲೇ ಇದೆ.

ರಜ ಮುಗಿಸಿ ರಘು ಮೈಸೂರಿಗೆ ಹೋದ. ಅಭ್ಯಾಸ ಬಿಟ್ಟಿಲ್ಲ, ಭಾನುವಾರವೇ ಫೋನು. "ಚೆನ್ನಾಗಿದೀಯಾ" ಎಂದು ಈಗ ನಾನು ಕೇಳುವುದಿಲ್ಲ, ಏನು ಮಾಡ್ತಿದ್ದೆ, ಏನು ತಿಂದೆ ಎಂದು ಕೇಳುತ್ತೇನೆ. ಇನ್ನೊಂದು ಕೆಟ್ಟ ಚಾಳಿ ಇತ್ತು ನನಗೆ. ಅವನು ಪದದ ಮೇಲೆ ನಿಂತರೆ ಪಾಪ ಎಂದು ಆ ಪದವನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಅದು ಅವನಿಗೆ ಎಳ್ಳಷ್ಟೂ ಇಷ್ಟವಿರಲಿಲ್ಲವಂತೆ. ಅದನ್ನೂ ಅವತ್ತೇ ಹೇಳಿದ.

ಮೊನ್ನೆ ಭಾನುವಾರ ಮಾತಿನ ಮಧ್ಯೆ "ಅಮ್ಮ, ಪ... ಪ..." ಎಂದು ನಿಂತ. ಪರೀಕ್ಷೆ ಎನ್ನುತ್ತಾನೆ ಎಂದು ನನಗೆ ಗೊತ್ತೇ ಇತ್ತು, ನಾಲಗೆ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡು ನಿಂತೆ. ಒಲೆಯ ಮೇಲೆ ಕುಕ್ಕರು ಮೂರನೇ ಕೂಗು ಕೂಗಿತು, ನಾಲ್ಕನೆಯದೂ ಕೂಗಿತು. ಬೇಳೆ ಕರಗಿಹೋದರೆ ಹೋಗಲಿ ಎಂದು ಅಲ್ಲೇ ಇದ್ದೆ.

"ಪ... ಪಂಚಗಣಿ ನೋಡ್ಕೊಂಡು ಬರೋಣ್ವಾ ಅಮ್ಮ, ಬೇಸಿಗೆ ರಜಕ್ಕೆ?" ಅಂದ.

ನಮ್ಮ ಯಜಮಾನರು ಆಗಲೇ ರೈಲಿನ ಟೈಮು ವಿಚಾರಿಸುತ್ತಿದ್ದಾರೆ.