ಟ್ಯಾಂಕರ್ ಮೈಮೇಲಿನ ನಾಲ್ಕು ಅಂಕಿ

ಶಿವಾಜಿನಗರದಲ್ಲಿ ಬಸ್ಸು ಹತ್ತಿ ಹಲಸೂರು, ಇಂದಿರಾನಗರ ದಾಟಿ ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರಂ ಕಡೆಗೆ ಹೊರಟಿದ್ದೆ. ಟಿನ್ ಫ್ಯಾಕ್ಟರಿ ಹತ್ತಿರ ಬಂದಾಗ ಮುಂದೆ ಜಾಮ್. ಕಿಟಕಿಯ ಪಕ್ಕ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಂದು ಪೆಟ್ರೋಲ್ ಟ್ಯಾಂಕರ್ ನಿಂತಿತ್ತು.

ಅದರ ಮೈಮೇಲೊಂದು ಬೋರ್ಡು. ‘3ವೈಇ’, ಅದರ ಕೆಳಗೆ ‘1203’, ಪಕ್ಕದಲ್ಲಿ ಕೆಂಪು ಚೌಕದೊಳಗೆ ಬೆಂಕಿಯ ಚಿತ್ರ, ತುರ್ತು ಫೋನ್ ನಂಬರು. ದಿನಾ ಕಂಡರೂ ನಾವು ಓದದ ಬೋರ್ಡು ಇದು. 3 ಅಂದರೆ ನೊರೆ ಹಾಕಿ ಆರಿಸಿ. ವೈ ಅಂದರೆ ಸಿಡಿಯಬಹುದು, ಉಸಿರಾಟದ ಉಪಕರಣ ತೊಟ್ಟು ಹೋಗಿ, ಚೆಲ್ಲಿದ್ದು ಮೋರಿಗೆ ಹರಿಯದಂತೆ ಕಟ್ಟೆ ಹಾಕಿ. ಇ ಅಂದರೆ ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಚನೆ ಮಾಡಿ. ಅಗ್ನಿಶಾಮಕ ದಳದವರು ಓಡಿಬರುತ್ತಲೇ ತಿಳಿಯಬೇಕಾದದ್ದೆಲ್ಲ ಮೂರೇ ಅಕ್ಷರದಲ್ಲಿ! 1203 ಪೆಟ್ರೋಲಿಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಕೊಟ್ಟ ಸಂಖ್ಯೆ. ಕ್ಲೋರಿನ್‌ಗೆ 1017, ಅಮೋನಿಯಾಕ್ಕೆ 1005, ಸಲ್ಫ್ಯೂರಿಕ್ ಆಮ್ಲಕ್ಕೆ 1830. ಯಾವ ದೇಶದ ರಸ್ತೆಗೆ ಹೋದರೂ ಸಂಖ್ಯೆ ಬದಲಾಗುವುದಿಲ್ಲ. ಭಾಷೆ ಬಾರದ ಊರಲ್ಲೂ ಜೀವ ಉಳಿಸಬಲ್ಲ ಈ ಬರಹ ಕಂಡು ನಾನಂತೂ ಮೂಕನಾದೆ.

‘ಲೋಡ್ ಇದೆಯಾ ಅಣ್ಣ?’ ಅಂತ ಚಾಲಕರನ್ನು ಕೇಳಿದೆ.

‘ಖಾಲಿ ಸಾರ್, ದೇವನಗುಂದಿಗೆ ತುಂಬಿಸೋಕೆ ಹೋಗ್ತಿರೋದು. ಖಾಲಿ ಗಾಡೀನೇ ಜಾಸ್ತಿ ಡೇಂಜರ್.’

ಅವರ ಮಾತು ನಿಜ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ತೀರಾ ಕಡಿಮೆ. ಖಾಲಿಯಾದದ್ದರಲ್ಲಿ ಉಳಿದ ಆವಿ ಗಾಳಿಯೊಂದಿಗೆ ಬೆರೆತು ಒಂದು ಕಿಡಿಗೆ ಕಾಯುತ್ತಿರುತ್ತದೆ. ಇಂಥ ಗಾಡಿ ಓಡಿಸುವವರು ಪ್ರತ್ಯೇಕ ತರಬೇತಿ ಪಡೆದಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ.

ಆದರೆ ಬೋರ್ಡು ಹೇಳದ ಸಂಗತಿಯೂ ಒಂದಿದೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ವರ್ಷಗಟ್ಟಲೆ ಉಸಿರಾಡಿದರೆ ರಕ್ತದ ಕ್ಯಾನ್ಸರ್ ತರಬಲ್ಲದು. ಬಿಎಸ್-6 ಪೆಟ್ರೋಲಿನಲ್ಲಿ ಅದು ಶೇ 1ನ್ನು ಮೀರುವಂತಿಲ್ಲ. ಮಕ್ಕಳ ಮಿದುಳಿಗೆ ಕುತ್ತಾಗಿದ್ದ ಸೀಸವನ್ನು 2000ದ ಫೆಬ್ರವರಿಯಿಂದ ದೇಶದ ಪೆಟ್ರೋಲಿನಿಂದಲೇ ತೆಗೆಯಲಾಯಿತು. ರಸ್ತೆಯ ಬೋರ್ಡು ಈ ಕ್ಷಣದ ಅಪಾಯಕ್ಕೆ; ನಿಧಾನದ ವಿಷಕ್ಕೆ ಬೇರೆ ಗುರುತಿದೆ. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಏಕರೂಪದ ವರ್ಗೀಕರಣದಲ್ಲಿ ಮನುಷ್ಯನ ಎದೆಯೊಳಗೆ ನಕ್ಷತ್ರದಂತೆ ಒಡೆದ ಬಿರುಕಿನ ಚಿತ್ರವಿದೆ. ರಾಸಾಯನಿಕದ ಡ್ರಮ್ಮಿನ ಮೇಲೆ ಅದನ್ನು ಕಂಡವರು ಮರೆಯಲಾರರು.

ನಮ್ಮಲ್ಲಿ ಇಂಥ ರಾಸಾಯನಿಕಗಳ ಕಾನೂನು ಬಿಗಿಯಾದದ್ದು 1984ರ ಭೋಪಾಲ್ ವಿಷಾನಿಲ ದುರಂತದ ಮೇಲೆ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು, ಆಮದು ನಿಯಮಗಳು ಬಂದವು. ಈ ನಿಯಮಗಳ ಅಳತೆಗೋಲು ಮೈ ಜುಮ್ಮೆನ್ನಿಸುತ್ತದೆ: ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂನೊಳಗೆ ತಿನ್ನಿಸಿದರೇ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸತ್ತರೆ ಆ ವಸ್ತು ‘ಅತ್ಯಂತ ವಿಷಕಾರಿ’. 60 ಕಿಲೋ ತೂಕಕ್ಕೆ ಲೆಕ್ಕ ಹಾಕಿ ನೋಡಿ: 300 ಮಿಲಿಗ್ರಾಂ, ಒಂದು ಚಿಟಿಕೆ. ಭೋಪಾಲಿನ ಅಷ್ಟೊಂದು ಸಾವಿನ ಬೆಲೆ ತೆತ್ತು ಬಂದ ನಿಯಮಗಳನ್ನು ಕಡತದಲ್ಲಿ ಮಲಗಿಸುವುದು ತಪ್ಪು.

ಜಾಮ್ ಸಡಿಲವಾಗಿ, ಟ್ಯಾಂಕರ್ ಕೆ.ಆರ್. ಪುರಂನ ತೂಗುಸೇತುವೆ ಏರಿ ಹೊಸಕೋಟೆ ದಿಕ್ಕಿಗೆ ಹೋಯಿತು.

ಓದುಗರಲ್ಲಿ ಒಂದು ಮನವಿ. ಎಲ್ಲಾದರೂ ಟ್ಯಾಂಕರ್ ಮಗುಚಿದ್ದು ಕಂಡರೆ ವಿಡಿಯೊ ತೆಗೆಯಲೋ, ಕ್ಯಾನಿಗೆ ತುಂಬಿಸಿಕೊಳ್ಳಲೋ ಹತ್ತಿರ ಹೋಗಬೇಡಿ. ಗಾಳಿ ನಿಮ್ಮ ಕಡೆಯಿಂದ ಟ್ಯಾಂಕರ್ ಕಡೆಗೆ ಬೀಸುವಂತೆ ದೂರ ಸರಿದು ನಿಲ್ಲಿ. 112ಕ್ಕೆ ಕರೆ ಮಾಡಿ. ದೂರದಿಂದಲೇ ಬೋರ್ಡು ಕಾಣುವಂತಿದ್ದರೆ ಜಾಗದ ಹೆಸರಿನೊಂದಿಗೆ ಆ ನಾಲ್ಕು ಅಂಕಿಯನ್ನೂ ಹೇಳಿ.