ತುಟಿ ತಾಗಿಸದೆ ಕುಡಿಯೋ ವೈನು

ಸ್ಪೇನಿನ ಕತಲೂನ್ಯಾ ಕರಾವಳಿಯಲ್ಲಿ ಲೆಸ್ಕಾಲಾ ಅಂತ ಒಂದು ಪುಟ್ಟ ಊರಿದೆ. ಪಕ್ಕದಲ್ಲೇ ಎಂಪೂರಿಯೆಸ್, ಕ್ರಿ.ಪೂ. 6ನೇ ಶತಮಾನದಲ್ಲಿ ಗ್ರೀಕರು ಬಂದಿಳಿದು ಕಟ್ಟಿದ ಪಟ್ಟಣದ ಅವಶೇಷ. ಊಟದ ಮೇಜಿನ ಮುಂದೆ ಕೂತವರಿಗೆ ಮಾತ್ರ ಲೆಸ್ಕಾಲಾ ಅಂದ್ರೆ ಬೆರಳುದ್ದದ ಆಂಚೊವಿ ಮೀನು. ತಲೆ, ಕರುಳು ತೆಗೆದು, ಒಂದು ಪದರ ಮೀನು, ಒಂದು ಪದರ ಉಪ್ಪು ಅಂತ ಪೀಪಾಯಿಯಲ್ಲಿ ಪೇರಿಸಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡ್ತಾರೆ. ನಮ್ಮ ಉಪ್ಪಿನಕಾಯಿ ಭರಣಿಯದ್ದೇ ತಾಳ್ಮೆ.

ಜೊತೆಗೆ ಟೊಮೆಟೊ ಬ್ರೆಡ್ಡು. ಹಣ್ಣನ್ನು ಅಡ್ಡಕ್ಕೆ ಕೊಯ್ದು ಬ್ರೆಡ್ಡಿನ ಮೇಲೆ ಉಜ್ಜಬೇಕು, ರಸ, ಬೀಜ ಎಲ್ಲ ಇಳಿದು ಕೈಯಲ್ಲಿ ಬರೀ ಸಿಪ್ಪೆ ಉಳಿಯೋ ತನಕ. ಆಮೇಲೆ ಆಲಿವ್ ಎಣ್ಣೆ, ಚಿಟಿಕೆ ಉಪ್ಪು. ಹೆಚ್ಚಿದ ಹೋಳು ಇಟ್ಟುಕೊಟ್ರೆ ಅದು ಸ್ಯಾಂಡ್‌ವಿಚ್ಚು, ಬಿಡಿ.

ವೈನು ಎಂಪೊರ್ದಾ ಸೀಮೆಯದು. ತ್ರಮುಂತಾನಾ ಅನ್ನೋ ಬಿರುಸಾದ ಬಡಗಣ ಗಾಳಿಗೆ ಮೈಯೊಡ್ಡಿ ಬೆಳೆದ ಗರ್ನಾಚಾ ದ್ರಾಕ್ಷಿ. ಹಳೇ ಪದ್ಧತಿಯಂತೆ ಕುಡಿಯೋದು ಪೊರ್ರೊದಲ್ಲಿ: ಕೊಕ್ಕಿನಂಥ ಸಪೂರ ಮೂತಿಯ ಗಾಜಿನ ಹೂಜಿ. ಎತ್ತಿ ಹಿಡಿದ್ರೆ ಧಾರೆ ನೇರ ಬಾಯಿಗೆ. ತುಟಿ ತಾಗೋ ಹಾಗಿಲ್ಲ, ಅದೇ ಹೂಜಿ ಮೇಜೆಲ್ಲ ಸುತ್ತಬೇಕಲ್ಲ! "ಎಂಜಲು ಮಾಡ್ಬೇಡ, ಎತ್ತಿ ಕುಡಿ" ಅಂತ ಅಜ್ಜಿ ಹತ್ರ ಬೈಸಿಕೊಂಡು ಬೆಳೆದವರಿಗೆ ಈ ವಿದ್ಯೆ ಹೊಸದೇನಲ್ಲ.

ಒಂದೇ ಎಚ್ಚರಿಕೆ. ಚೊಂಬಿನ ನೀರು ಅಂಗಿ ಮೇಲೆ ಚೆಲ್ಲಿದ್ರೆ ಒಣಗುತ್ತೆ. ಕೆಂಪು ವೈನಿನ ಕಲೆ ಅಷ್ಟು ಸುಲಭಕ್ಕೆ ಹೋಗಲ್ಲ.