ಕೋಸು, ಮೊಸರು, ಹಸಿ ಸಾಸಿವೆ

ಚಳಿ ಶುರುವಾದ ಮೇಲೆ ಸಂತೆಗೆ ಬರುವ ಎಲೆಕೋಸನ್ನು ಕೈಯಲ್ಲಿ ಎತ್ತಿ ತೂಗಿ ನೋಡುವುದೇ ಒಂದು ಸುಖ. ಗಾತ್ರ ಚಿಕ್ಕದಿದ್ದರೂ ಕೈಗೆ ಭಾರ ಅನ್ನಿಸಬೇಕು. ಎಲೆಗಳು ಬಿಗಿಯಾಗಿ ಸುತ್ತಿಕೊಂಡಿರಬೇಕು, ಕೊಯ್ದ ಬುಡ ಕಪ್ಪಾಗಿರದೆ ಬೆಳ್ಳಗಿರಬೇಕು. ಅಂಥ ಕೋಸು ಸಿಕ್ಕಿದ ದಿನ ಅದನ್ನು ಪಲ್ಯಕ್ಕೆ ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಬೇಯಿಸುತ್ತಾ ಹೋದಷ್ಟೂ ಅದರ ಗಂಧಕದ ವಾಸನೆ ಹೆಚ್ಚುತ್ತದೆ. ಬಾಗಿಲಲ್ಲೇ ನಿಂತು “ಇವತ್ತೂ ಕೋಸಾ?” ಎಂದು ಮುಖ ಸಿಂಡರಿಸುವವರಿಗೆ ಬೇಡವಾಗಿರುವುದು ಆ ವಾಸನೆ, ಕೋಸಲ್ಲ. ಹಸಿಯಾಗಿ ತಿಂದು ನೋಡಿ: ಗರಿಗರಿ, ಸಿಹಿ, ಹಿಂದೆಯೇ ಒಂದು ಎಳೆ ಖಾರ.

ಹಸಿ ಕೋಸಿನ ಸಲಾಡ್ ಎಂದರೆ ಈಗ ಪೇಟೆಯಲ್ಲಿ ಎಲ್ಲರಿಗೂ ನೆನಪಾಗುವುದು ಬಿಳಿ ಮೇಯನೀಸ್‌ನಲ್ಲಿ ಮುಳುಗಿದ ಕೋಲ್‌ಸ್ಲಾ. ನ್ಯೂಯಾರ್ಕ್ ಸೀಮೆಯಲ್ಲಿ ನೆಲೆಸಿದ ಡಚ್ಚರ ಅಡುಗೆಮನೆಯಿಂದ ಬಂದ ತಿನಿಸು ಅದು. ಮೊದಲು ಬೆಣ್ಣೆ, ಎಣ್ಣೆ, ವಿನೆಗರ್ ಹಾಕಿ ಕಲಸುತ್ತಿದ್ದರು. ಬಾಟಲಿಯ ಮೇಯನೀಸ್ ಮನೆಮನೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೊಟ್ಟೆಯ ಹಳದಿಗೆ ಹನಿಹನಿಯಾಗಿ ಎಣ್ಣೆ ಬಿಟ್ಟು ಕಡೆದ ಮನೆಯ ಮೇಯನೀಸ್ ಒಳ್ಳೆಯ ಪದಾರ್ಥವೇ. ಆದರೆ ಅದು ಬಹುಪಾಲು ಎಣ್ಣೆ. ಅಮೆರಿಕದ ಆಹಾರ ನಿಯಮವೇ ಮೇಯನೀಸ್ ಎನ್ನಿಸಿಕೊಳ್ಳಲು ತೂಕದಲ್ಲಿ ಶೇ. 65ರಷ್ಟಾದರೂ ಎಣ್ಣೆ ಇರಬೇಕು ಎನ್ನುತ್ತದೆ. ದಿನದ ಊಟಕ್ಕೆ ಅಷ್ಟು ಎಣ್ಣೆ ನನಗೆ ಬೇಡ. ನುಣುಪಾಗಿ, ದಪ್ಪಗೆ, ನಾಲಿಗೆಗೆ ಹತ್ತುವಂತಾಗಲು ಏನಾದರೂ ಸೇರಿಸಲೇಬೇಕು ಎಂದುಕೊಳ್ಳುತ್ತೇವೆ. ನೀರನ್ನು ತೆಗೆದರೂ ಅದೇ ಆಗುತ್ತದೆ.

ಮೊಸರಿನಿಂದ ಶುರು ಮಾಡೋಣ. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಮೂರು ಗಂಟೆ ತೂಗುಹಾಕಿದರೆ ಸಾಕು. ಶ್ರೀಖಂಡ ಮಾಡುವ ಮನೆಗಳಲ್ಲಿ ಇದು ಹೊಸ ಮಾತಲ್ಲ. ಹುಳಿ ಮೊಸರು ಬೇಡ, ಅದೇ ದಿನ ಹೆಪ್ಪಾದದ್ದು ಬೇಕು. ಕೆಳಗೆ ಸೋರಿದ ತಿಳಿನೀರು ಚಪಾತಿ ಹಿಟ್ಟು ಕಲಸಲು ಬರುತ್ತದೆ.

ಇನ್ನು ಕೋಸು. ನೂರರಲ್ಲಿ ತೊಂಬತ್ತು ಭಾಗಕ್ಕೂ ಮಿಕ್ಕಿ ನೀರೇ ಇರುವ ತರಕಾರಿ ಇದು. ಕಲಸಿಟ್ಟ ಸಲಾಡ್ ಅರ್ಧ ಗಂಟೆಯಲ್ಲಿ ಸಾರಿನಂತಾಗುವುದು ಇದರಿಂದಲೇ. ರಾಮನವಮಿಯ ಕೋಸಂಬರಿಗೆ ಸೌತೆಕಾಯಿ ಹೆಚ್ಚುವಾಗ ನಮ್ಮತ್ತೆ, “ಉಪ್ಪು ಈಗ್ಲೇ ಹಾಕ್ಬೇಡ ಕಣೇ, ನೀರು ಬಿಟ್ಕೊಳುತ್ತೆ” ಎನ್ನುತ್ತಿದ್ದರು. ಎಲೆಗೆ ಬಡಿಸುವ ಹೊತ್ತಿಗೆ ಉಪ್ಪು, ಅದಕ್ಕೆ ಮುಂಚೆ ಇಲ್ಲ. ಕೋಸಿಗೆ ಅದೇ ತಿಳಿವಳಿಕೆಯನ್ನು ತಿರುಗಿಸಿ ಬಳಸಬೇಕು: ಉಪ್ಪು ಮೊದಲೇ ಬೀಳಬೇಕು, ಬಿಡುವ ನೀರನ್ನೆಲ್ಲ ಆಗಲೇ ಬಿಡಬೇಕು.

ಹೊರಗಿನ ಎರಡು ಮೂರು ಎಲೆ ತೆಗೆದುಹಾಕಿ, ಕೋಸನ್ನು ನಾಲ್ಕು ಹೋಳು ಮಾಡಿ, ನಡುವಿನ ದಿಂಡು ಕೊಯ್ದು, ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹಸಿಯಾಗಿ ತಿನ್ನುವುದಾದ್ದರಿಂದ ಇಲ್ಲಿ ಅವಸರ ಸಲ್ಲದು. ಆಮೇಲೆ ಹೆಚ್ಚುವುದು. ಈಳಿಗೆಮಣೆಯ ಮುಂದೆ ಕೂತು, ಎಲೆಗಳನ್ನು ಒತ್ತಿ ಹಿಡಿದು ಎಳೆದರೆ ಬರುವ ಕೂದಲಿನಂಥ ಎಳೆ ಯಾವ ಯಂತ್ರದಿಂದಲೂ ಬಂದದ್ದನ್ನು ನಾನು ಕಂಡಿಲ್ಲ. ಮಿಕ್ಸಿಯಲ್ಲಿ ತಿರುಗಿಸಿದ ಕೋಸು ಜಜ್ಜಿಹೋಗುತ್ತದೆ, ಗರಿಗರಿ ಉಳಿಯುವುದಿಲ್ಲ. ಸುಮಾರು 400 ಗ್ರಾಂ ಕೋಸಿಗೆ ಒಂದು ಚಮಚ ಉಪ್ಪು ಹಾಕಿ, ಕೈಯಿಂದ ಮೆಲ್ಲಗೆ ತಿಕ್ಕಿ, ಮುಕ್ಕಾಲು ಗಂಟೆ ಬಿಟ್ಟು, ಮುಷ್ಟಿ ಮುಷ್ಟಿಯಾಗಿ ಹಿಂಡಿ ತೆಗೆಯಬೇಕು. ರುಚಿ ನೋಡಿ, ಉಪ್ಪು ಜಾಸ್ತಿ ಅನ್ನಿಸಿದರೆ ಒಮ್ಮೆ ನೀರಿನಲ್ಲಿ ಜಾಲಿಸಿ ಮತ್ತೆ ಹಿಂಡುವುದು.

ಈ ಸಲಾಡಿನ ಜೀವ ಸಾಸಿವೆ. ಮಲೆನಾಡಿನಲ್ಲಿ, ಹವ್ಯಕರ ಮನೆಗಳಲ್ಲಿ ಸಾಸಿವೆ ಎಂಬ ಹೆಸರಿನ ಅಡುಗೆಯೇ ಉಂಟು: ತೆಂಗಿನತುರಿ, ಹಸಿ ಸಾಸಿವೆ ರುಬ್ಬಿ, ಮೊಸರು ಸೇರಿಸಿ, ಸೌತೆಯನ್ನೋ ಇನ್ನಾವುದೋ ಕಾಯನ್ನೋ ಕಲಸಿದ್ದು. ಕೆನೆಯಂಥ ನುಣುಪು ನಮ್ಮ ಅಡುಗೆಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಬರೀ ಹುರಿದ ಕಾಳಿನ ಪರಿಮಳ ಕೊಡುತ್ತದೆ. ಹಸಿಯದನ್ನು ಅರೆದು ತಣ್ಣೀರು ತಾಕಿಸಿದರೆ ಮಾತ್ರ ಮೂಗಿಗೇರುವ ಘಾಟು ಹುಟ್ಟುತ್ತದೆ. ಕಾಳಿನೊಳಗೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು, ಒಂದು ಗಂಧಕ ತುಂಬಿದ ಸಂಯುಕ್ತ, ಇನ್ನೊಂದು ಅದನ್ನು ಒಡೆಯುವ ಕಿಣ್ವ, ಅರೆದಾಗ ಒಂದಕ್ಕೊಂದು ಸಿಕ್ಕುತ್ತವೆ. ಕುದಿನೀರು ಸುರಿದರೆ ಕಿಣ್ವ ಸತ್ತು ಘಾಟು ಹುಟ್ಟುವುದೇ ಇಲ್ಲ. ಹಸಿ ಕೋಸನ್ನು ಅಗಿದಾಗ ಬರುವ ಖಾರವೂ ಇದೇ ಬಗೆಯದು. ಹೂಕೋಸು, ನವಿಲುಕೋಸು ಎಲೆಕೋಸಿನ ಒಡಹುಟ್ಟಿದವರಾದರೆ ಸಾಸಿವೆ ದಾಯಾದಿ. ಆದ್ದರಿಂದಲೇ ಇವೆರಡೂ ಬಟ್ಟಲಿನಲ್ಲಿ ಅಷ್ಟು ಚೆನ್ನಾಗಿ ಹೊಂದುತ್ತವೆ ಎಂದು ನನ್ನ ನಂಬಿಕೆ.

ಅರ್ಧ ಚಮಚ ಸಾಸಿವೆಯನ್ನು ಪುಡಿಮಾಡಿ, ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಮುಚ್ಚಿಡುತ್ತೇನೆ. ಕಟ್ಟಿದ ಮೊಸರಿಗೆ ಅದನ್ನು ಸೇರಿಸಿ, ಚಿಟಿಕೆ ಸಕ್ಕರೆ, ಕುಟ್ಟಿದ ಮೆಣಸು, ಅರ್ಧ ನಿಂಬೆಹಣ್ಣಿನ ರಸ, ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿ ಗಂಟಿಲ್ಲದಂತೆ ಕಡೆದರೆ ಆಯಿತು. ಹಿಂಡಿದ ಕೋಸು, ಹಿಡಿಯಷ್ಟು ಕ್ಯಾರೆಟ್ ತುರಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಕಲಸಿ, ಸ್ವಲ್ಪ ಹೊತ್ತು ತಣ್ಣಗಿಡಬೇಕು. ಈರುಳ್ಳಿ ಹಾಕುವವರು ಹಾಕಬಹುದು. ನನಗೆ ಅದು ಕೋಸಿನ ಸಿಹಿಯನ್ನು ನುಂಗಿಬಿಡುತ್ತದೆ ಅನ್ನಿಸುತ್ತದೆ.

ಬ್ರೆಡ್ಡಿನ ನಡುವೆ ಇಟ್ಟು ತಿನ್ನುವುದಕ್ಕಿಂತ ಬಿಸಿ ಜೋಳದ ರೊಟ್ಟಿಯ ಜೊತೆ ಇದು ಚೆನ್ನ. ಉತ್ತರ ಕರ್ನಾಟಕದವರು ಹಸಿ ತರಕಾರಿಯ ಪಚಡಿಯನ್ನು ರೊಟ್ಟಿಯ ಪಕ್ಕ ಇಟ್ಟುಕೊಂಡೇ ಉಣ್ಣುವವರು. ಅವರ ಹಾಗೆ ಮೇಲೆ ಒಂದಿಷ್ಟು ಶೇಂಗಾ ಪುಡಿ ಉದುರಿಸಿದರೆ ಇನ್ನೂ ಸೊಗಸು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸಬೇಕು. ಅಷ್ಟು ಹೊತ್ತಿಗೆ ಘಾಟು ಇಳಿದು, ಹುಳಿ ಒಂದು ಎಳೆ ಏರಿರುತ್ತದೆ. ಮಕ್ಕಳಿಗೆ ಹಾಗಾದದ್ದೇ ಇಷ್ಟ. ನನಗೆ ಮಾಡಿದ ಹೊತ್ತಿನದು.